ಪ್ರಗತಿ ಪತ್ರದಾಗ ‘ಎ’ ಅದ, ಅದರ ಕೆಳಗ ಏನದ? ಎಸ್‌ಎ-1 (ಅರ್ಧ ವರ್ಷದ ಪರೀಕ್ಷೆ) ಆದ ಮ್ಯಾಲಿನ ಪಾಲಕರ ಸಭೆ ಬಗ್ಗೆ ಚರ್ಚೆ

ಕಾಗಿಣಾ ದಂಡಿ (ಸೇಡಂ ತಾಲ್ಲೂಕು, ಎಸ್‌ಡಿಎಂಸಿ ಅಂದ್ರ ಶಾಲಾಭಿವೃದ್ಧಿ ಸಮಿತಿ)

ನಮಸ್ಕಾರ್ರಿ ಎಲ್ಲಾರಿಗಿ. ದಸರಾ ಸೂಟಿ ಮುಗಿದ ಮ್ಯಾಲ ‘ಸಮುದಾಯದತ್ತ ಶಾಲೆ’ ಅನ್ನೋ ಪಾಲಕರ ಸಭೆ ಅದ. ಸಾಲಿಗೆ ಪಾಲಕರು ಬರ್ತಾರ, ಪ್ರಗತಿ ಪತ್ರದ ಮ್ಯಾಲ ಸಹಿ ಇಲ್ಲಾ ಹೆಬ್ಬಟ್ಟು ಹಾಕ್ತಾರ, ಚಹಾ ಕುಡಿದು ಹೋಗ್ತಾರ. ಗ್ರೇಡ್ ನೋಡಿ ‘ಎ ಅಂದ್ರ ಚಲೋ, ಸಿ ಅಂದ್ರ ಕೆಟ್ಟ’ ಅನ್ನೋದಷ್ಟೇ ತಿಳಿತದ. ಸಭೆ ಇದಕ್ಕಿಂತ ಉಪಯೋಗ ಆಗಬೇಕಂದ್ರ ಏನು ಮಾಡ್ಬೇಕು? ಗ್ರೇಡ್ ಹೆಂಗ ಬರ್ತದ, ಓದು ಬರಹ ಬಾರದ ಪಾಲಕರು ಏನು ಕೇಳ್ಬೇಕು, 5ನೇತ್ತೆ ಬೋರ್ಡ್ ಪರೀಕ್ಷೆ ಸುದ್ದಿ ಖರೇನಾ, ಈ ಮೂರು ಮೊದಲು ಹೇಳ್ರಿ. ಭಾಷಣ ಬ್ಯಾಡ್ರಿ, ಕೆಲಸಕ್ಕ ಬರೋದು ಹೇಳ್ರಿ.

ಕರಿಹಲಗಿ (ಆಳಂದ, ಪ್ರಾಥಮಿಕ ಶಿಕ್ಷಕ)

ಮೊದಲು ಲೆಕ್ಕ ತಿಳ್ಕೊಳ್ರಿ, ಮುಂದಿಂದೆಲ್ಲಾ ಅದರ ಮ್ಯಾಲ ನಿಂತದ.

ನಮ್ಮ ರಾಜ್ಯದ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದಾಗ ವರ್ಷಕ್ಕ ನಾಕು ರೂಪಣಾತ್ಮಕ ಅವ, ಅಂದ್ರ ಕಲಿಕೆ ನಡುವಿನ ಅಳತಿ, ಎಫ್‌ಎ. ಎರಡು ಸಂಕಲನಾತ್ಮಕ ಅವ, ಅಂದ್ರ ಅರ್ಧ ವರ್ಷದ ಕಡಿಕಿನ ಪರೀಕ್ಷೆ, ಎಸ್‌ಎ. ಒಂದೊಂದು ಎಫ್‌ಎಗೆ 15, ಒಂದೊಂದು ಎಸ್‌ಎಗೆ 20. ಮೊದಲರ್ಧಕ್ಕ 15+15+20, ಒಟ್ಟು 50. ಎರಡನೇ ಅರ್ಧಕ್ಕೂ ಅಷ್ಟೇ. ವರ್ಷಕ್ಕ 100. ಗ್ರೇಡ್: 90ರಿಂದ ಮ್ಯಾಲ ಎ+, 70ರಿಂದ 89 ಎ, 50ರಿಂದ 69 ಬಿ+, 30ರಿಂದ 49 ಬಿ, 30ಕ್ಕಿಂತ ಕಡಿಮಿ ಸಿ.

ಈಗ ಇಬ್ಬರು ಹುಡುಗ್ರನ್ನ ತಗೊಳ್ರಿ. ಒಬ್ಬನಿಗಿ ಎಫ್‌ಎ ಎರಡರಾಗ 14, 14. ಎಸ್‌ಎ ಪತ್ರಿಕೆಯೊಳಗ 50ಕ್ಕ 18 ಬಿದ್ದಾವ, 20ಕ್ಕ ಇಳಿಸಿದ್ರ 7. ಒಟ್ಟು 35. ಇನ್ನೊಬ್ಬನಿಗಿ ಎಫ್‌ಎ 9, 9. ಎಸ್‌ಎ 50ಕ್ಕ 42, ಇಳಿಸಿದ್ರ 17. ಅದೂ 35. ಇಬ್ಬರಿಗೂ ನೂರಕ್ಕ 70, ಇಬ್ಬರಿಗೂ ಎ. ಪತ್ರದ ಮ್ಯಾಲ ಇಬ್ಬರೂ ಒಂದೇ. ಆದ್ರ ಮೊದಲನೇ ಹುಡುಗ ಕುಂತು ಬರೆದ ಪತ್ರಿಕೆಯೊಳಗ ನೂರಕ್ಕ 36 ಅಷ್ಟೇ ತೆಗೆದಾನ. ಎರಡನೇದವ ಪತ್ರಿಕೆ ಬರಿತಾನ, ಚಟುವಟಿಕೆಯೊಳಗ ಬಾಯಿ ಬಿಡಲ್ಲ, ಇಲ್ಲಾ ಎಫ್‌ಎ ದಿನ ಸಾಲಿಗೆ ಬಂದಿಲ್ಲ.

ಮೊದಲನೇದವಂದು ಯಾಕ ಹಂಗಾಗ್ತದ ಅಂದ್ರ, ಎಫ್‌ಎ ಚಟುವಟಿಕೆ ಅಂದ ಕೂಡ್ಲೆ ಚಾರ್ಟ್ ಬರ್ತದ. ಚಾರ್ಟ್ ಬರಿಯೋದು ಅಣ್ಣ, ಅಕ್ಕ, ಇಲ್ಲಾ ಜೆರಾಕ್ಸ್ ಅಂಗಡಿ. ಅಂಕ 15ಕ್ಕ 14. ಮಾನದಂಡ ಬರೆದಿಟ್ಟುಕೊಳ್ಳದೇ ಅಂಕ ಹಾಕಿದ್ರ ಎಲ್ಲಾ ಮಕ್ಕಳಿಗೂ 13ರಿಂದ 15ರ ನಡುವೆ ಬೀಳ್ತದ. ಅಂಕವಹಿ ತೆಗೆದು ಎಫ್‌ಎ ಕಾಲಂ ಒಂದೇ ನೋಡ್ರಿ, ಇಡೀ ತರಗತಿದು 13, 14 ಇದ್ರ ಅಲ್ಲಿ ಮೌಲ್ಯಮಾಪನ ಆಗಿಲ್ಲ, ಭರ್ತಿ ಆಗ್ಯದ ಅಷ್ಟೇ.

ಹಿಂಗಾಗಿ ಮೊದಲನೇ ಪ್ರಶ್ನೆ ಗ್ರೇಡ್ ಬಗ್ಗೆ ಬ್ಯಾಡ. ‘ಎಫ್‌ಎ ಎಷ್ಟು, ಎಸ್‌ಎ ಎಷ್ಟು, ಬ್ಯಾರೆ ಬ್ಯಾರೆ ಹೇಳ್ರಿ’ ಅನ್ರಿ. ಎರಡರ ನಡುವೆ ಭಾಳ ಅಂತರ ಇದ್ರ ಅಲ್ಲೇ ಮಾತು ಸುರು ಆಗಬೇಕು.

ಬಿಸಿಲ ನಾಡು (ಕಲಬುರಗಿ ನಗರ)

ಖಾಸಗಿ ಸಾಲಿ ಪಾಲಕರಿಗೂ ಇದು ಹೊಂದ್ತದೇನ್ರಿ? ಕೆಲವು ಕಡಿ ನೂರಕ್ಕ ಅಂಕ, ಮ್ಯಾಲ ರ‍್ಯಾಂಕ್ ಹಾಕಿ ಕೊಡ್ತಾರ.

ಕರಿಹಲಗಿ

ರಾಜ್ಯ ಪಠ್ಯಕ್ರಮದ ಖಾಸಗಿ ಸಾಲಿಗೂ ಇದೇ ಎಫ್‌ಎ, ಎಸ್‌ಎ. ಕೇಂದ್ರ ಪಠ್ಯಕ್ರಮದವರದು ಬ್ಯಾರೆ ಅದ. ಆದ್ರ ಎರಡಕ್ಕೂ 2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯ. 29ನೇ ಕಲಮಿನಾಗ ಮಗುವಿನ ತಿಳಿವಳಿಕೆಯನ್ನ, ಅದನ್ನ ಬಳಸೋ ಸಾಮರ್ಥ್ಯವನ್ನ ನಿರಂತರವಾಗಿ ಮೌಲ್ಯಮಾಪನ ಮಾಡ್ಬೇಕು ಅಂತದ. 24(1)(ಇ) ಒಳಗ ಶಿಕ್ಷಕರ ಕರ್ತವ್ಯ ಹೇಳ್ಯಾರ: ಪಾಲಕರ ಸಭೆ ನಿಯಮಿತವಾಗಿ ಕರೆದು ಹಾಜರಿ, ಕಲಿಯೋ ಸಾಮರ್ಥ್ಯ, ಕಲಿಕೆಯ ಪ್ರಗತಿ ತಿಳಿಸಬೇಕು. ಅಂದ್ರ ಪಾಲಕರು ಕೇಳೋದು ಉಪಕಾರ ಅಲ್ಲ. ರ‍್ಯಾಂಕ್ ಬಗ್ಗೆ ನನ್ನ ಮಾತು ಇಷ್ಟೇ: 3ನೇ ತರಗತಿ ಹುಡುಗಿಗಿ 7ನೇ ರ‍್ಯಾಂಕ್ ಅಂದ್ರ ಆಕಿಗಿ ಭಾಗಾಕಾರ ಬರ್ತದೋ ಇಲ್ಲೋ ಅದರಿಂದ ಗೊತ್ತಾಗಲ್ಲ.

ಮೈಲಿಗಲ್ಲು (ಯಾದಗಿರಿ, ನಲಿಕಲಿ)

1ರಿಂದ 3ನೇ ತರಗತಿ ಸರ್ಕಾರಿ ಸಾಲಿಯೊಳಗ ನಲಿಕಲಿ, ಅಂದ್ರ ಕಾರ್ಡ್ ಹಿಡಿದು ಚಟುವಟಿಕೆಯಿಂದ ಹಂತ ಹಂತವಾಗಿ ಕಲಿಯೋ ಪದ್ಧತಿ. ಅಲ್ಲಿ ಕರಿಹಲಗಿ ಸರ್ ಹೇಳಿದ ಲೆಕ್ಕಕ್ಕಿಂತ ಗ್ವಾಡಿ ಮ್ಯಾಲಿನ ಪ್ರಗತಿ ನೋಟ ಹೆಚ್ಚು ಹೇಳ್ತದ. ಕಲಿಕಾ ಏಣಿಯೊಳಗ ಮಗು ಯಾವ ಮೈಲಿಗಲ್ಲಿನ್ಯಾಗ ಅದ, ಯಾವ ಕಾರ್ಡ್ ಮ್ಯಾಲ ನಿಂತದ, ಎಷ್ಟು ದಿನದಿಂದ ಅಲ್ಲೇ ಅದ. ಈ ಮೂರು ಕೇಳಿದ್ರ ಸಾಕು.

ಪಾಲಕರು ತಪ್ಪು ತಿಳಿಯೋದು ಒಂದು ಕಡಿ ಭಾಳ ಆಗ್ತದ. ‘ನನ್ನ ಮಗನಿಗಿ ಅ ಆ ಇ ಈ ಹೇಳ್ಲಕ ಬರಲ್ಲ, ಆರು ತಿಂಗಳು ಏನು ಕಲಿಸೀರಿ?’ ಅಂತ ಜಗಳ. ನಲಿಕಲಿಯೊಳಗ ಅಕ್ಷರ ವರ್ಣಮಾಲೆ ಸಾಲಿನಂಗ ಬರಲ್ಲ. ಮೊದಲು ರ ಗ ಸ ದ ಅ, ಆಮ್ಯಾಲ ಜ ವ ಮ ಬ ನ. ಯಾಕಂದ್ರ ಮೊದಲ ಐದು ಅಕ್ಷರ ಬಂದ ಕೂಡ್ಲೆ ಅರಸ, ಅಗಸ, ಗರಗಸ ಓದ್ಲಕ ಬರ್ತದ. ಹಂಗಾಗಿ ಮನ್ಯಾಗ ‘ಅ ಆ ಇ ಈ ಹೇಳು’ ಅನ್ನಬ್ಯಾಡ್ರಿ, ಪಾಟಿ ಮ್ಯಾಲ ‘ಗರಗಸ’ ಬರೆದು ಓದಿಸ್ರಿ. ಚಿತ್ರ ಇರೋ ಕಾರ್ಡ್ ತೋರಿಸಿದ್ರ ಚಿತ್ರ ನೋಡಿ ಹೇಳಿಬಿಡ್ತಾವ, ಚಿತ್ರದ ಮ್ಯಾಲ ಕೈ ಇಡ್ರಿ. ಪದದ ನಡುವಿನ ಅಕ್ಷರಕ್ಕ ಬೆರಳಿಟ್ಟು ಕೇಳ್ರಿ. ಪದಾನೇ ಬಾಯಿಪಾಠ ಮಾಡಿದ ಮಗು ಅಲ್ಲಿ ನಿಲ್ತದ.

ಇನ್ನ ಶಿಕ್ಷಕರ ಕಡಿ ಕೆಡೋದು ಹೇಳ್ತೀನಿ. ಮೌಲ್ಯಮಾಪನ ಕಾರ್ಡ್ ಬಂದಾಗ ಮಗುವನ್ನ ಒಂಟಿಯಾಗಿ ಕೂಡಿಸಿ ನೋಡ್ಬೇಕು. ತಟ್ಟೆಯೊಳಗ, ಅಂದ್ರ ಮಕ್ಕಳು ಕೂಡೋ ಗುಂಪಿನ್ಯಾಗ, ಆರು ಮಕ್ಕಳು ಒಟ್ಟಿಗೆ ಹೇಳಿದ್ರ ಎರಡು ಮಕ್ಕಳು ಹೇಳ್ತಾವ, ನಾಕು ದನಿಗೂಡಿಸ್ತಾವ. ಆರಕ್ಕೂ ಗುರುತು ಬೀಳ್ತದ. ಮುಂದಿನ ಮೈಲಿಗಲ್ಲಿನ್ಯಾಗ ಗುಣಿತಾಕ್ಷರ ಬಂದಾಗ ಆ ನಾಕೂ ಒಮ್ಮೆಲೇ ನಿಲ್ತಾವ, ಆಗ ಕಾರಣ ಹುಡುಕೋದು ತಡ ಆಗಿರ್ತದ.

ಮಾಂಜ್ರಾ (ಬೀದರ, ಔರಾದ ಕಡೆ)

ಗ್ರೇಡಿನ ಲೆಕ್ಕ ಸರಿ. ಆದರೆ ಅಂಕಗಳನ್ನು ಬೇರೆ ಬೇರೆ ಮಾಡಿ ಹೇಳಿದರೂ ಪಾಲಕರ ಕೈಗೆ ಸಿಗುವುದು ಸಂಖ್ಯೆಯೇ. ಕೆಲಸಕ್ಕೆ ಬರುವುದು ತಪ್ಪಿನ ಜಾತಿ. ಒಂದು ಲೆಕ್ಕ ಹಿಡಿದು ತೋರಿಸುತ್ತೇನೆ, 4ನೇ ತರಗತಿಗೆ ಹೊಂದುವಂಥದ್ದು:

‘ಸಂತೆಯಲ್ಲಿ ಉಳ್ಳಾಗಡ್ಡಿ ಕೆ.ಜಿ.ಗೆ 32 ರೂಪಾಯಿ, ಬದನಿಕಾಯಿ ಕೆ.ಜಿ.ಗೆ 40 ರೂಪಾಯಿ. ಒಂದು ಕೆ.ಜಿ. ಉಳ್ಳಾಗಡ್ಡಿ, ಅರ್ಧ ಕೆ.ಜಿ. ಬದನಿಕಾಯಿ ತಗೊಂಡು 100ರ ನೋಟು ಕೊಟ್ಟರೆ ಎಷ್ಟು ವಾಪಸ್ ಬರಬೇಕು?’

ಸರಿ ಉತ್ತರ 48. ತರಗತಿಯಲ್ಲಿ ಬರುವ ತಪ್ಪು ಉತ್ತರಗಳು ಮುಖ್ಯವಾಗಿ ಮೂರು. 58 ಬರೆದ ಮಗುವಿಗೆ ಲೆಕ್ಕ ಪೂರ್ತಿ ಅರ್ಥವಾಗಿದೆ, ಅರ್ಧ ಕೆ.ಜಿ.ಗೆ 20 ಎಂದೂ ಗೊತ್ತು, ಕೂಡಿಸಿ 52 ಎಂದೂ ಬಂದಿದೆ. 100ರಿಂದ ಕಳೆಯುವಾಗ ದಶಕ ತೆಗೆದುಕೊಂಡಿತು, ತೆಗೆದುಕೊಂಡ ಮೇಲೆ ಉಳಿದದ್ದು 9 ಎಂಬುದನ್ನು ಮರೆತು 10ರಿಂದಲೇ 5 ಕಳೆಯಿತು. 28 ಬರೆದ ಮಗುವಿನ ಕಳೆಯುವಿಕೆ ಗಟ್ಟಿಯಾಗಿದೆ, ಆದರೆ ಅರ್ಧವನ್ನು ಬಿಟ್ಟು 40 ಪೂರ್ತಿ ಕೂಡಿಸಿ 72 ಮಾಡಿಕೊಂಡಿದೆ. 52 ಎಂದು ಬರೆದು ಬಿಟ್ಟ ಮಗು ಕೊನೆಯ ಪ್ರಶ್ನೆಯನ್ನೇ ಓದಿಲ್ಲ. ಅದು ಗಣಿತದ ತೊಂದರೆಯಲ್ಲ, ಓದಿನ ತೊಂದರೆ.

ಬರೀ ಉತ್ತರ ನೋಡಿ ತಿದ್ದಿದರೆ ಮೂವರಿಗೂ ಕೆಂಪು ಗೆರೆ, ಮೂವರಿಗೂ ಸೊನ್ನೆ. ಆಮೇಲೆ ಪರಿಹಾರ ಬೋಧನೆ ಎಂದು ಮೂವರನ್ನೂ ಒಂದೇ ಕಡೆ ಕೂಡಿಸಿ ಮತ್ತೆ ಕಳೆಯುವ ಲೆಕ್ಕ ಮಾಡಿಸುತ್ತಾರೆ. 28 ಬರೆದವನಿಗೆ ಅದರಿಂದ ಏನೂ ಸಿಗುವುದಿಲ್ಲ. ಅವನಿಗೆ ಬೇಕಾದದ್ದು ಅರ್ಧ, ಪಾವು ಕೆ.ಜಿ.ಯ ತಕ್ಕಡಿ.

ತಿದ್ದುವಾಗ ಪ್ರತಿ ತಪ್ಪಿನ ಪಕ್ಕ ಒಂದು ಅಕ್ಷರ ಹಾಕಿದರೆ ಸಾಕು: ದಶಕದ ತಪ್ಪಿಗೆ ‘ದ’, ಅರ್ಥ ಆಗದ್ದಕ್ಕೆ ‘ಅ’, ಓದದೆ ಬಿಟ್ಟದ್ದಕ್ಕೆ ‘ಓ’, ಸ್ಥಾನಬೆಲೆಗೆ ‘ಸ್ಥಾ’. ಮುನ್ನೂರ ನಾಲ್ಕನ್ನು 3004 ಎಂದು ಬರೆಯುವುದು ‘ಸ್ಥಾ’. ತಿದ್ದಿ ಮುಗಿಸಿದ ಮೇಲೆ ಅಕ್ಷರ ಎಣಿಸಿ. ಯಾವ ಮಗುವಿನ ಪತ್ರಿಕೆಯಲ್ಲಿ ಯಾವುದು ಹೆಚ್ಚು ಎಂಬುದೇ ಸಭೆಯಲ್ಲಿ ಪಾಲಕರಿಗೆ ಹೇಳಬೇಕಾದ ಮಾತು. ಇಡೀ ತರಗತಿಯಲ್ಲಿ ಒಂದೇ ಅಕ್ಷರ ತುಂಬಿದ್ದರೆ ಅದನ್ನು ಮಕ್ಕಳ ಮೇಲೆ ಹಾಕಬೇಡಿ, ಆ ಪಾಠ ಮತ್ತೆ ಮಾಡಬೇಕು.

ಭೀಮಾ ಬಯಲು (ಅಫಜಲಪುರ)

ಚಲೋ ಅದ ಸರ್, ಆದ್ರ ಇಬ್ಬರೇ ಶಿಕ್ಷಕರಿರೋ ಸಾಲಿಯೊಳಗ ಐದು ತರಗತಿ, ಎಲ್ಲಾ ವಿಷಯ. ಅದರ ಮ್ಯಾಲ 2025-26ರಿಂದ ಪಾಠ ಆಧಾರಿತ ಮೌಲ್ಯಾಂಕನ ಬಂದದ, ಪಾಠ ಮುಗಿದಂಗ ಮುಗಿದಂಗ ಪರೀಕ್ಷೆ, ಎಸ್‌ಎಟಿಎಸ್ ಅನ್ನೋ ಇಲಾಖೆ ತಂತ್ರಾಂಶದೊಳಗ ನಮೂದು. ಅಕ್ಷರ ಹಾಕ್ಕೋತ ಕುಂತ್ರ ಬೋಧನೆ ಯಾವಾಗ?

ಮಾಂಜ್ರಾ

ಎಲ್ಲ ವಿಷಯಕ್ಕೂ ಬೇಡ. ಕನ್ನಡ ಮತ್ತು ಗಣಿತಕ್ಕೆ ಮಾತ್ರ ಹಾಕಿ. ಗಣಿತದಲ್ಲೂ ಎಲ್ಲ ಪ್ರಶ್ನೆಗೆ ಬೇಡ, ನಾಲ್ಕು ಪ್ರಶ್ನೆ ಆರಿಸಿಕೊಳ್ಳಿ. ಪಾಠ ಆಧಾರಿತ ಮೌಲ್ಯಾಂಕನದ ಪತ್ರಿಕೆಯನ್ನೇ ಇದಕ್ಕೆ ಬಳಸಿದರೆ ಹೊಸ ಪರೀಕ್ಷೆ ಮಾಡುವ ಕೆಲಸವೂ ಉಳಿಯುತ್ತದೆ. ತೊಂದರೆ ಇರುವುದು ನಮೂದಿನಲ್ಲಿ. ತಂತ್ರಾಂಶದಲ್ಲಿ ಅಂಕ ಏರಿಸಿದ ದಿನ ಕೆಲಸ ಮುಗಿಯಿತು ಎಂದು ಪತ್ರಿಕೆ ಕಟ್ಟು ಕಟ್ಟಿ ಅಲ್ಮಾರಿಗೆ ಹೋಗುತ್ತದೆ. ಮಗು ತನ್ನ ತಿದ್ದಿದ ಪತ್ರಿಕೆಯನ್ನು ನೋಡುವುದೇ ಇಲ್ಲ.

ನಮ್ಮ ಗಡಿಯ ಇನ್ನೊಂದು ಮಾತು. ಔರಾದ, ಭಾಲ್ಕಿ ಕಡೆ ಮನೆಮಾತು ಮರಾಠಿ, ಬೀದರದಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಸೇಡಂ ಗುರುಮಠಕಲ್ ಕಡೆ ತೆಲುಗು. ಪರಿಸರ ಅಧ್ಯಯನದ ಮೌಖಿಕದಲ್ಲಿ ‘ಬೇರಿನ ಕೆಲಸವೇನು?’ ಎಂದರೆ ಮಗು ಸುಮ್ಮನಿರುತ್ತದೆ. ಬೇರಿರುವ ಒಂದು ಗಿಡ ಕಿತ್ತು ಕೈಗೆ ಕೊಟ್ಟು ‘ಇದು ಏನು ಮಾಡ್ತದ?’ ಎಂದರೆ ತನ್ನ ಮಾತಿನಲ್ಲಿ ಹೇಳಿಬಿಡುತ್ತದೆ. ಪರಿಸರ ಅಧ್ಯಯನದ ಅಂಕ ಅಲ್ಲಿ ಕೊಡಿ, ಕನ್ನಡದ ಅಂಕ ಕನ್ನಡದಲ್ಲಿ ಕಡಿಮೆ ಮಾಡಿ. ಎರಡನ್ನೂ ಒಂದೇ ಕಡೆ ಕಡಿದರೆ ಒಂದೇ ತಪ್ಪಿಗೆ ಎರಡು ಸಲ ದಂಡ.

ಶರಣು_ಜೇವರ್ಗಿ

ಹಂಗಾದ್ರ ನಮ್ಮ ಕಲಬುರಗಿ ಕನ್ನಡ? ಹುಡುಗ ‘ಮನ್ಯಾಗ ಎಮ್ಮಿ ಅದ’ ಅಂತ ಬರೆದ್ರ ತಪ್ಪೋ ಸರಿಯೋ?

ಕರಿಹಲಗಿ

ಎಫ್‌ಎ ಸ್ವಂತ ವಾಕ್ಯದಾಗ ಸರಿ. ಅವನು ಹೇಳಬೇಕಾದ್ದು ಹೇಳ್ಯಾನ, ಒತ್ತಕ್ಷರ ಸರಿಯಾಗಿ ಹಾಕ್ಯಾನ. ಪಕ್ಕದಾಗ ‘ಪುಸ್ತಕದ ಕನ್ನಡದಾಗ: ಮನೆಯಲ್ಲಿ ಎಮ್ಮೆ ಇದೆ’ ಅಂತ ಬರೆದು ಕೊಡ್ರಿ. ಉಕ್ತಲೇಖನದಾಗ ‘ಮನೆಯಲ್ಲಿ’ ಅಂದಾಗ ‘ಮನ್ಯಾಗ’ ಬರೆದ್ರ ಅದು ತಪ್ಪು. ಯಾಕಂದ್ರ ಅಲ್ಲಿ ಪರೀಕ್ಷೆ ಮಾಡೋದು ಕೇಳಿದ್ದನ್ನ ಬರಿಯೋದು. ಯಾವ ಚಟುವಟಿಕೆಯೊಳಗ ಏನು ಅಳಿತೀವಿ ಅನ್ನೋದು ಶಿಕ್ಷಕರಿಗಿ ಮೊದಲೇ ಗೊತ್ತಿದ್ರ ಈ ಜಗಳ ಬರಲ್ಲ.

ಹತ್ತಿ ಹೊಲ (ಶಹಾಪುರ)

ನೀವೆಲ್ಲಾ ಸಾಲಿಗೆ ಬರೋ ಮಕ್ಕಳ ಬಗ್ಗೆ ಮಾತಾಡ್ತಿದ್ದೀರಿ. ಯಾದಗಿರಿ ಜಿಲ್ಲಾದಾಗ ದೀಪಾವಳಿ ಮುಂದ ಹಿಂದ ಹತ್ತಿ ಬಿಡಿಸೋದು ಸುರು ಆದ್ರ ದೊಡ್ಡ ಮಕ್ಕಳು ಹೊಲಕ್ಕ, ಇನ್ನ ಕೆಲವು ಮನಿ ಮಂದಿ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್ ಕಟ್ಟಡ ಕೆಲಸಕ್ಕ ಹೋಗ್ತಾರ. ಎಫ್‌ಎ-3 ಆ ಟೈಮಿಗೇ ಬರ್ತದ.

ಇಲ್ಲಿ ಆಗೋ ತಪ್ಪು ಒಂದೇ: ಗೈರು ಇದ್ದ ಮಗುವಿಗಿ 0 ಹಾಕೋದು. ಲೆಕ್ಕ ನೋಡ್ರಿ. ಉಳಿದ ಮೂರು ಎಫ್‌ಎದಾಗ 12, 12, 12, ಎರಡು ಎಸ್‌ಎದಾಗ 16, 16 ತೆಗೆದ ಹುಡುಗಿಗಿ ಎಫ್‌ಎ-3 ಸೊನ್ನೆ ಆದ್ರ ಒಟ್ಟು 68, ಬಿ+. ಆಕಿ ಆ ಎಫ್‌ಎ ಬರೆದು ಇನ್ನೊಂದು 12 ತಗೊಂಡಿದ್ರ 80, ಎ. ಗೈರು ಬ್ಯಾರೆ, ಸೊನ್ನೆ ಬ್ಯಾರೆ. ರೂಪಣಾತ್ಮಕ ಅಂದ ಮ್ಯಾಲ ಅದು ಕಲಿಕೆ ನಡುವಿನ ಅಳತಿ. ಮಗು ತಿರುಗಿ ಬಂದ ವಾರದಾಗ ಆ ಪಾಠದ ಮುಖ್ಯ ಕಲಿಕಾ ಫಲ ಎರಡು ತಗೊಂಡು ಮೌಖಿಕ, ಲಿಖಿತ ಮಾಡಿ ಅಂಕ ಹಾಕ್ರಿ, ದಿನಾಂಕ ಬರೀರಿ. ಹೋಗೋ ಮೊದಲು ಪಾಲಕರು ಸಾಲಿಗೆ ಬಂದು ಹೇಳಿದ್ರ ಇನ್ನೂ ಚಲೋ. ಕೃತಿ ಸಂಪುಟದಾಗಿನ (ಮಗು ಮಾಡಿದ ಕೆಲಸ ಕೂಡಿಸಿಟ್ಟ ಕಡತ) ನಾಕು ಹಾಳಿ, ತಿದ್ದಿದ ಪತ್ರಿಕೆ ಜೊತಿ ಕೊಟ್ಟು ಕಳಸ್ರಿ. ಹೋದ ಊರಾಗ ಯಾವುದಾದ್ರೂ ಸಾಲಿಗೆ ಸೇರಿದ್ರ ಅಲ್ಲಿನ ಶಿಕ್ಷಕರಿಗಿ ಮಗು ಎಲ್ಲಿ ನಿಂತದ ಅಂತ ಗೊತ್ತಾಗ್ತದ.

ಮತ್ತ ಫೋನ್ ನಂಬರ್. ದಾಖಲಾತಿಯೊಳಗ ಅಪ್ಪನ ನಂಬರ್ ಇರ್ತದ, ಅಪ್ಪ ಪುಣೆದಾಗ. ಮಗು ಅಜ್ಜಿ ಹತ್ರ. ಸಭೆ ಸುದ್ದಿ ಪುಣೆಗೆ ಹೋಗ್ತದ, ಅಜ್ಜಿಗಿ ಗೊತ್ತೇ ಇರಲ್ಲ. ಹಾಜರಿ ಪುಸ್ತಕದ ಹಿಂದಿನ ಪುಟದಾಗ ‘ಮಗು ಈಗ ಯಾರ ಹತ್ರ ಅದ, ಅವರ ಇಲ್ಲಾ ಮಗ್ಗಲ ಮನಿ ನಂಬರ್’ ಅಂತ ಒಂದು ಕಾಲಂ ಹಾಕ್ರಿ. ದಸರಾ ಆದ ಮ್ಯಾಲ ಒಮ್ಮೆ, ಸಂಕ್ರಾಂತಿ ಆದ ಮ್ಯಾಲ ಒಮ್ಮೆ ತಿದ್ರಿ.

ಕಾಗಿಣಾ ದಂಡಿ

ಇದು ಬೇಕಾಗಿತ್ತು ನೋಡ್ರಿ. ಈಗ ಸಭೆ ಹೆಂಗ ನಡೆಸೋದು ಹೇಳ್ರಿ ಯಾರಾದ್ರೂ.

ಹಳೇ ಸಿಆರ್‌ಪಿ (ಚಿತ್ತಾಪುರ, ಸಿಆರ್‌ಪಿ ಅಂದ್ರ ಸಮೂಹ ಸಂಪನ್ಮೂಲ ವ್ಯಕ್ತಿ)

ಸಭೆ ದಿನ ಮೊದಲು. ತೊಗರಿ ರಾಶಿ ದಿನ ಕರೆದ್ರ ಯಾರೂ ಬರಲ್ಲ. ಅಮಾಸಿ ದಿನ ಎತ್ತು ಹೂಡಲ್ಲ, ಒಕ್ಕಲುತನದ ಮಂದಿ ಊರಾಗ ಸಿಗ್ತಾರ. ಎಳ್ಳಮಾಸಿ ಒಂದು ಬಿಟ್ಟು, ಅವತ್ತು ಊರಿಗೆ ಊರೇ ಹೊಲದಾಗ ಚರಗ ಚೆಲ್ಲಲಕ ಹೋಗಿರ್ತದ. ಕೂಲಿ ಮಂದಿ ಜಾಸ್ತಿ ಇರೋ ಓಣಿಗಾದ್ರ ಸಂಜಿ ಟೈಮ್ ಇಡ್ರಿ.

ಎಲ್ಲಾರನ್ನ ಒಂದೇ ಕೋಣ್ಯಾಗ ಕೂಡಿಸಿ ಹೆಸರು ಹಿಡಿದು ಗ್ರೇಡ್ ಓದಬ್ಯಾಡ್ರಿ. ಸಿ ಬಂದ ಮಗುವಿನ ಅವ್ವ ಮುಂದಿನ ಸಲ ಬರಲ್ಲ. ಸಾಮೂಹಿಕ ಮಾತು ಹದಿನೈದು ನಿಮಿಷ: ಹಾಜರಿ, ಬಿಸಿಯೂಟ, ಸಾಲಿ ರಿಪೇರಿ. ಆಮ್ಯಾಲ ತರಗತಿವಾರು ಕೋಣಿ, ಒಂದೊಂದು ಮನಿಗಿ ಐದು ನಿಮಿಷ. 30 ಮಕ್ಕಳಿದ್ರ ಎರಡೂವರೆ ತಾಸು ಬೇಕು, ಅದಕ್ಕ ಎರಡು ದಿನ ಮಾಡ್ಕೊಳ್ರಿ. ಒಂದೇ ದಿನದಾಗ ತುರುಕಿದ್ರ ಕಡಿಕಿನ ಹತ್ತು ಮಂದಿಗಿ ಸಹಿ ಅಷ್ಟೇ.

ಮೇಜಿನ ಮ್ಯಾಲ ಇರಬೇಕಾದ್ದು: ತಿದ್ದಿದ ಕನ್ನಡ, ಗಣಿತ ಪತ್ರಿಕೆ, ಕೃತಿ ಸಂಪುಟ, ಹಾಜರಿ ಪುಸ್ತಕ, ಹಿಂದಿನ ತರಗತಿಯ ಕನ್ನಡ ಪಠ್ಯಪುಸ್ತಕ. ಪ್ರಗತಿ ಪತ್ರ ಕಡಿಕೆ ತೆಗೀರಿ. ಮೊದಲೇ ಕೊಟ್ರ ಎಲ್ಲಾರ ಕಣ್ಣು ಗ್ರೇಡ್ ಮ್ಯಾಲ ಹೋಗಿ ಮಾತು ಅಲ್ಲಿಗೇ ಮುಗಿತದ.

ಓದು ಬಾರದ ಪಾಲಕರಿಗಿ ಏನು ತೋರಿಸೋದು ಅಂದ್ರ, ಮಗುವನ್ನೇ ಓದಿಸ್ರಿ. 4ನೇತ್ತೆ ಹುಡುಗಿಗಿ 3ನೇತ್ತೆ ಪುಸ್ತಕದಾಗಿನ ಒಂದು ಪ್ಯಾರಾ, ಒಂದು ನಿಮಿಷ. ಕನ್ನಡ ಓದ್ಲಕ ಬಾರದ ಅವ್ವಗೂ ಮಗಳು ತಡವರಿಸೋದು ಕಿವಿಗಿ ಗೊತ್ತಾಗ್ತದ. ಆಕಿ ಎಲ್ಲಿ ನಿಂತಳು ಅಂತ ಶಿಕ್ಷಕರು ಹೇಳ್ಬೇಕು: ‘ಬಸವ, ಮರ, ಕಮಲ ಸರಾಗ. ಹಣ್ಣು, ಅಕ್ಕ ಬಂದಾಗ ಒತ್ತು ನುಂಗ್ತಾಳ.’ ಇಡೀ ತರಗತಿ ನೋಡ್ಬೇಕಂದ್ರ ಮಕ್ಕಳ ಓದು, ಲೆಕ್ಕ ಅಳಿಯೋ ಅಸರ್ ಸಮೀಕ್ಷೆಯವರ ಮೆಟ್ಟಿಲು ಸಾಕು: ಅಕ್ಷರ, ಪದ, 1ನೇತ್ತೆ ಮಟ್ಟದ ಪ್ಯಾರಾ, 2ನೇತ್ತೆ ಮಟ್ಟದ ಕಥಿ. ಗಣಿತಕ್ಕ ಒಂದಂಕಿ ಗುರುತಿಸೋದು, ಎರಡಂಕಿ ಗುರುತಿಸೋದು, ದಶಕ ತಗೊಂಡು ಕಳಿಯೋದು, ಮೂರಂಕಿಯನ್ನ ಒಂದಂಕಿಯಿಂದ ಭಾಗಿಸೋದು. 4, 5ನೇತ್ತೆಗಿ ‘ಓದು ಕರ್ನಾಟಕ’ ಅನ್ನೋ ಕಲಿಕಾ ಕಾರ್ಯಕ್ರಮ ಮಾಡಿದ ಶಿಕ್ಷಕರಿಗಿ ಈ ಗುಂಪು ಮಾಡೋದು ಗೊತ್ತದ.

ಕಡಿಕಿಗೆ ಪಾಲಕರಿಗಿ ಒಂದೇ ಕೆಲಸ ಹೇಳ್ರಿ. ಮೂರು ಹೇಳಿದ್ರ ಒಂದೂ ಆಗಲ್ಲ. ‘ದಿನಾ ರಾತ್ರಿ ಊಟ ಆದ ಮ್ಯಾಲ ಐದು ನಿಮಿಷ ಮಗಳು ಓದ್ಲಿ, ನೀವು ಕೇಳ್ರಿ.’ ಅಷ್ಟೇ.

ಬಿಸಿಲ ನಾಡು

ನಿಮಿಷಕ್ಕ ಇಷ್ಟು ಪದ ಅಂತ ಲೆಕ್ಕ ಅದಲ್ಲ? ಅದನ್ನ ಹಾಕಿದ್ರ ಪಾಲಕರಿಗಿ ಸುಲಭ ಅಲ್ಲೇನು.

ಮೈಲಿಗಲ್ಲು

2021ರ ನಿಪುಣ್ ಭಾರತ್ ಅನ್ನೋ ಕೇಂದ್ರ ಸರ್ಕಾರದ ಓದು, ಲೆಕ್ಕದ ಕಾರ್ಯಕ್ರಮದೊಳಗ 2ನೇತ್ತೆಗಿ ನಿಮಿಷಕ್ಕ 45ರಿಂದ 60 ಪದ, 3ನೇತ್ತೆಗಿ ಕನಿಷ್ಠ 60 ಪದ ಅಂತ ಗುರಿ ಇಟ್ಟಾರ. ಆದ್ರ ಗಡಿಯಾರ ಹಿಡಿದು ಕನ್ನಡ ಓದಿಸೋ ಮುಂದ ಎಚ್ಚರ. ‘ಹೊಲದಲ್ಲಿರುವವರಿಗೆಲ್ಲ’ ಅನ್ನೋದು ಒಂದು ಪದ, ‘ಮರ’ ಅನ್ನೋದೂ ಒಂದು ಪದ. ಉದ್ದ ಪದ ಇರೋ ಪ್ಯಾರಾ ಕೊಟ್ರ ಚಲೋ ಓದೋ ಮಗುನೂ ಹಿಂದ ಬೀಳ್ತದ. ಪಾಲಕರ ಮುಂದ ಸಂಖ್ಯಾ ಹೇಳಬ್ಯಾಡ್ರಿ, ಮುಂದಿನ ಸಲ ಅವರು ಕೇಳೋದು ‘ಎಷ್ಟು ಪದ ಆಯ್ತು’ ಅಂತಷ್ಟೇ. ಮಗು ಓಡ್ಸಿ ಓದ್ತದ, ಅರ್ಥ ಕೇಳಿದ್ರ ಸುಮ್ಮನ ನಿಲ್ತದ. ಓದಿದ ಮ್ಯಾಲ ಎರಡು ಪ್ರಶ್ನೆ ಕೇಳ್ರಿ: ಒಂದಕ್ಕ ಉತ್ತರ ಪ್ಯಾರಾದಾಗ ಇರಬೇಕು, ಇನ್ನೊಂದು ‘ಯಾಕ’ ಅನ್ನೋ ಪ್ರಶ್ನೆ ಇರಬೇಕು.

ಶರಣು_ಜೇವರ್ಗಿ

ಸಭೆಗೆ ಬಾರದವರಿಗಿ ವಾಟ್ಸಾಪ್ ಗ್ರೂಪಿನ್ಯಾಗ ಅಂಕಪಟ್ಟಿ ಫೋಟೋ ಹಾಕಿದ್ರ ಮುಗೀತು. ಯಾಕ ಇಷ್ಟು ತ್ರಾಸ?

ಹಳೇ ಸಿಆರ್‌ಪಿ

ಮುಗಿಯಲ್ಲ, ಸುರು ಆಗ್ತದ. ಇಡೀ ತರಗತಿ ಅಂಕಪಟ್ಟಿ ಗ್ರೂಪಿಗೆ ಬಿತ್ತಂದ್ರ ಸಂಜಿಗಿ ಊರ ಕಟ್ಟಿ ಮ್ಯಾಲ ಎಲ್ಲಾ ಮಕ್ಕಳ ಅಂಕದ ಚರ್ಚೆ. ಒಂದು ಮಗುವಿನ ಫಲಿತಾಂಶ ಆ ಮನಿಗಷ್ಟೇ. ಬರಲಾರದವರಿಗಿ ಒಬ್ಬೊಬ್ಬರಿಗೇ ದನಿ ಸಂದೇಶ ಕಳಸ್ರಿ, ಒಂದು ನಿಮಿಷದ್ದು, ಅವರ ಮಾತಿನ್ಯಾಗ: ಏನು ಬರ್ತದ, ಏನು ಬರಲ್ಲ, ಮನ್ಯಾಗ ಏನು ಮಾಡ್ಬೇಕು. ಜೊತಿಗಿ ಮಗುವಿನ ತಿದ್ದಿದ ಒಂದು ಪುಟದ ಫೋಟೋ. ಪುಣೆದಾಗಿರೋ ಅಪ್ಪ ಅದನ್ನ ಎರಡು ಮೂರು ಸಲ ಕೇಳ್ತಾನ. ಅಂಕಪಟ್ಟಿ ಫೋಟೋ ದೊಡ್ಡದು ಮಾಡಿ ಹೆಸರು ಹುಡುಕೋದ್ರಾಗೇ ಬೇಸರ ಬರ್ತದ.

ಭೀಮಾ ಬಯಲು

5ನೇತ್ತೆ ಬೋರ್ಡ್ ಬಗ್ಗೆ ಯಾರೂ ಹೇಳ್ಲಿಲ್ಲ.

ಕರಿಹಲಗಿ

ಶಿಕ್ಷಣ ಹಕ್ಕು ಕಾಯ್ದೆಯೊಳಗ ಮೊದಲು ಯಾರನ್ನೂ ಅದೇ ತರಗತಿಯೊಳಗ ಉಳಿಸಂಗಿಲ್ಲ ಅಂತಿತ್ತು. 2019ರ ತಿದ್ದುಪಡಿಯೊಳಗ 5 ಮತ್ತು 8ನೇತ್ತೆಗಿ ವರ್ಷದ ಕಡಿಕಿಗೆ ಪರೀಕ್ಷೆ, ನಪಾಸಾದ್ರ ಎರಡು ತಿಂಗಳೊಳಗ ಮರುಪರೀಕ್ಷೆ, ಆಮ್ಯಾಲೂ ಆಗದಿದ್ರ ಉಳಿಸಬೇಕೋ ಬ್ಯಾಡೋ ಅನ್ನೋದನ್ನ ಆಯಾ ಸರ್ಕಾರಕ್ಕ ಬಿಟ್ಟಾರ. ನಮ್ಮ ರಾಜ್ಯ 2023ರ ಮಾರ್ಚಿನ್ಯಾಗ 5, 8ಕ್ಕ ಮೌಲ್ಯಾಂಕನ ಮಾಡ್ತು, ಯಾರನ್ನೂ ನಪಾಸ್ ಮಾಡಲ್ಲ ಅಂತ ಮೊದಲೇ ಹೇಳಿತ್ತು. 2024ರಾಗ 5, 8, 9 ಮತ್ತು 11ಕ್ಕ ಬೋರ್ಡ್ ಪರೀಕ್ಷೆ ನಡೀತು, ಹೈಕೋರ್ಟ್ ಮಾರ್ಚಿನ್ಯಾಗ ಒಪ್ಪಿತು, ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟು ಫಲಿತಾಂಶ ಹೇಳಬ್ಯಾಡ್ರಿ ಅಂತು. ಹಂಗಾಗಿ ‘ಬೋರ್ಡ್ ಬಂತು, ಟ್ಯೂಷನ್ ಹಾಕ್ರಿ’ ಅಂತ ಯಾರಾದ್ರೂ ಹೇಳಿದ್ರ ಮೊದಲು ಸಾಲಿಗೆ ಹೋಗಿ ಆ ವರ್ಷದ ಸುತ್ತೋಲೆ ಕೇಳ್ರಿ. ಆದ್ರ ‘ಹೆಂಗೂ ಪಾಸ್’ ಅನ್ನೋ ಮಾತಿನಿಂದ ಹಾಳಾದದ್ದೂ ಅದ. ಉಳಿಸಬ್ಯಾಡ ಅಂದಿದ್ದು ಅಳಿಯಬ್ಯಾಡ ಅಂತ ಅಲ್ಲ. ಜೂನ್‌ದಾಗ ಸೇತುಬಂಧದ, ಅಂದ್ರ ಹಿಂದಿನ ತರಗತಿ ಕಲಿಕೆ ತುಂಬಿಸೋ ಪಾಠದ, ಪೂರ್ವ ಪರೀಕ್ಷೆ ಮಾಡ್ತಾರಲ್ಲ, ಅದರ ಹಾಳಿ ತೆಗೆದು ಎಸ್‌ಎ-1 ಪತ್ರಿಕೆ ಮಗ್ಗಲ ಇಟ್ಟು ನೋಡ್ರಿ. ಜೂನ್‌ದಾಗ ಇದ್ದ ತಪ್ಪೇ ಅಕ್ಟೋಬರದಾಗೂ ಇದ್ರ ಸೇತುಬಂಧ ಕಾಗದದ ಮ್ಯಾಲ ಆಗ್ಯದ.

ಮಾಂಜ್ರಾ

ಒಂದು ಸಣ್ಣ ವಿಷಯ ಸೇರಿಸುತ್ತೇನೆ, ಇದನ್ನು ಪ್ರಗತಿ ಪತ್ರದಲ್ಲಿ ಯಾರೂ ಬರೆಯುವುದಿಲ್ಲ. ಪುಸ್ತಕ ನೋಡಿ ಬರೆದಾಗ ತಪ್ಪಿಲ್ಲ, ಹಲಗೆ ನೋಡಿ ಬರೆದಾಗ ಮಾತ್ರ ಅಂಕಿ ಬದಲಾಗುತ್ತವೆ, 3 ಇದ್ದದ್ದು 8 ಆಗುತ್ತದೆ, ಅಂದರೆ ಮೊದಲು ಕಣ್ಣು ನೋಡಿಸಿ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ವರ್ಷಕ್ಕೊಮ್ಮೆ ಬರುತ್ತದೆ, ಆ ಮಗುವಿನ ಹೆಸರು ಮೊದಲೇ ಬರೆದಿಟ್ಟುಕೊಂಡು ಅವರಿಗೆ ತೋರಿಸಬೇಕು. ಅಲ್ಲಿಯವರೆಗೆ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂಡಿಸಿ.

ಕಾಗಿಣಾ ದಂಡಿ

ಕಡಿಕಿನ ಪ್ರಶ್ನೆ. ಪ್ರಗತಿ ಪತ್ರದಾಗ ‘ಷರಾ’ ಕಾಲಂ ಇರ್ತದ. ಎಲ್ಲಾರಿಗೂ ‘ಉತ್ತಮ’, ‘ಇನ್ನೂ ಪ್ರಗತಿ ಬೇಕು’. ಅಲ್ಲಿ ಏನು ಬರೀಬೇಕು ಅಂತ ನಮ್ಮ ಹೆಡ್ ಮಾಸ್ತರಿಗಿ ಹೇಳಲಿ?

ಹಳೇ ಸಿಆರ್‌ಪಿ

ಮೂರು ತುಂಡು: ಏನು ಬರ್ತದ, ಏನು ಬಾಕಿ, ಮತ್ತ ಯಾವಾಗ ನೋಡೋದು. ನಮೂನಿ ಕೊಡ್ತೀನಿ.

‘ಕಥೆ ಕೇಳಿ ತನ್ನ ಮಾತಿನಲ್ಲಿ ಹೇಳುತ್ತಾಳೆ. ಒತ್ತಕ್ಷರ ಇರುವ ಪದ ಓದುವಾಗ ನಿಲ್ಲುತ್ತಾಳೆ. ನವೆಂಬರ್ ಕೊನೆಗೆ ಮತ್ತೆ ಓದಿಸುವುದು.’

‘ಕೂಡಿಸುವುದು, ದಶಕ ಇಲ್ಲದೆ ಕಳೆಯುವುದು ಸರಿ. ದಶಕ ಸಹಿತ ಕಳೆಯುವುದು ಬಾಕಿ. ಮನೆಯಲ್ಲಿ ಅಂಗಡಿ ಚಿಲ್ಲರೆ ಲೆಕ್ಕ ಮಾಡಿಸಿ.’

‘ಹಾಜರಿ ಕಡಿಮೆ, ಎಫ್‌ಎ-2 ಬರೆದಿಲ್ಲ. ಬಂದ ದಿನ ಮೌಖಿಕ ಮಾಡಲಾಗಿದೆ, ಗ್ರೇಡ್ ಅದರ ಮೇಲೆ.’

ಕಾಲಂ ಎರಡು ಬೆರಳಷ್ಟೇ ಅಗಲ ಇರ್ತದ, ಅದರಾಗ ಹಿಡಿಯಲ್ಲ. ಅರ್ಧ ಹಾಳಿ ಮ್ಯಾಲ ಬರೆದು ಪಿನ್ ಹೊಡೀರಿ, ಒಂದು ಪ್ರತಿ ಕೃತಿ ಸಂಪುಟದಾಗ ಇಡ್ರಿ. ಏಪ್ರಿಲ್‌ದಾಗ ಫಲಿತಾಂಶ ಹೇಳೋವಾಗ ಆ ಹಾಳಿ ತೆಗೆದು ಬಾಕಿ ಇದ್ದದ್ದು ಬಂತಾ ಇಲ್ಲಾ ಅಂತ ಪಾಲಕರ ಮುಂದನೇ ಗುರುತು ಹಾಕ್ರಿ.

ಕಾಗಿಣಾ ದಂಡಿ

ಪಿನ್ ಹೊಡಿಯೋದು ನಾವು ಎಸ್‌ಡಿಎಂಸಿಯವರೇ ಮಾಡ್ತೀವಿ. ಅಮಾಸಿ ಮರುದಿನಾನೂ ಸೇರಿಸಿ ಎರಡು ದಿನ ಇಡ್ರಿ ಅಂತ ಹೇಳ್ತೀನಿ.